ಕೆಸರಿನ ರೆಫ್ಯೂಜಿಯಂ: ರೀಫ್ ಟ್ಯಾಂಕಿಗೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಹವಳ, ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಅಂದರೆ ರೀಫ್ ಟ್ಯಾಂಕಿನಲ್ಲಿ, ನೈಟ್ರೇಟ್ ಇಳಿಸಬೇಕು ಎಂಬ ಒಂದೇ ಕಾರಣಕ್ಕೆ, ಟ್ಯಾಂಕಿನ ಕೆಳಗಿನ ನೀರಿನ ತೊಟ್ಟಿಯಾದ ಸಂಪ್‌ನೊಳಗೆ ಕೆಸರು ಹಾಸುವ ಯೋಚನೆ ಇದ್ದರೆ, ಆ ದುಡ್ಡನ್ನು ಒಳ್ಳೆಯ ಲೈಟಿಗೆ ಹಾಕುವುದು ಮೇಲು. ಕೋಪೆಪಾಡ್, ಆಂಫಿಪಾಡ್‌ಗಳಂಥ ಸೀಗಡಿಯ ಬಂಧುಗಳಾದ ಸಣ್ಣ ಜೀವಿಗಳು ಸಮೃದ್ಧವಾಗಿ ಬೆಳೆಯಬೇಕು, ಕೌಲರ್ಪಾದಂಥ ಬೇರೂರುವ ಪಾಚಿ ನೆಲೆ ನಿಲ್ಲಬೇಕು, ಮ್ಯಾಂಡರಿನ್ ಮೀನಿಗೆ ಹೊತ್ತು ಹೊತ್ತಿಗೂ ಜೀವಂತ ಆಹಾರ ಸಿಗುತ್ತಿರಬೇಕು ಎಂದಿದ್ದರೆ ಮಾತ್ರ ಕೆಸರು ನಿಜಕ್ಕೂ ಬೆಲೆಬಾಳುವ ವಸ್ತು. ಎರಡೂ ಉದ್ದೇಶಗಳನ್ನು ಒಂದೇ ಚೀಲದ ಮೇಲೆ ಬರೆದು ಮಾರುವುದರಿಂದ ಕೊಳ್ಳುವವರಿಗೆ ಗೊಂದಲ. ಈ ವಿಮರ್ಶೆಯಲ್ಲಿ ಅವೆರಡನ್ನೂ ಬೇರೆ ಬೇರೆ ಮಾಡಿ ನೋಡಿದ್ದೇವೆ. ಲೆಕ್ಕಕ್ಕೆ ಎಲ್ಲ ಕಡೆ ಒಂದೇ ಮಾದರಿ ಇಟ್ಟುಕೊಂಡಿದ್ದೇವೆ: ಒಟ್ಟು 300 ಲೀಟರ್ ನೀರಿನ ರೀಫ್ ಟ್ಯಾಂಕ್, ಅದರ ಸಂಪ್‌ನಲ್ಲಿ 40 ಸೆಂ.ಮೀ ಉದ್ದ, 30 ಸೆಂ.ಮೀ ಅಗಲದ ರೆಫ್ಯೂಜಿಯಂ ವಿಭಾಗ.

ಮೀನು, ಏಡಿಗಳ ಬಾಯಿಗೆ ಸಿಗದೆ ಪಾಚಿಯೂ ಸಣ್ಣ ಜೀವಿಗಳೂ ಬೆಳೆಯುವ, ಮುಖ್ಯ ಟ್ಯಾಂಕಿನ ನೀರೇ ಹರಿದುಹೋಗುವ ಪ್ರತ್ಯೇಕ ಜಾಗಕ್ಕೆ ರೆಫ್ಯೂಜಿಯಂ ಎನ್ನುತ್ತಾರೆ. ಪಾಚಿಯಿಂದಲೇ ನೀರು ಶುದ್ಧಿ ಮಾಡುವ ವಿಚಾರವನ್ನು ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಬಹಳ ಹಿಂದೆಯೇ ಬೆಳೆಸಿದ್ದರು. ಅದಕ್ಕೆ ಕೆಸರನ್ನು ಸೇರಿಸಿ 1990ರ ದಶಕದಲ್ಲಿ ಜನಪ್ರಿಯ ಮಾಡಿದವರು ಇಕೋಸಿಸ್ಟಂ ಅಕ್ವೇರಿಯಂನ ಲೆಂಗ್ ಸೈ. ಅವರ ಮಿರಾಕಲ್ ಮಡ್ ಪದ್ಧತಿಯಲ್ಲಿ ತೆಳುವಾದ ಕೆಸರಿನ ಹಾಸು, ಅದರ ಮೇಲೆ ಕೌಲರ್ಪಾ, ಮೇಲಿಂದ 24 ಗಂಟೆಯೂ ಬೆಳಕು, ಗುಳ್ಳೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇಲ್ಲವೇ ಇಲ್ಲ. ಲೈವ್ ರಾಕ್ (ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ನೆಲೆಸಿದ ಕಲ್ಲು) ಮತ್ತು ಬಲವಾದ ಸ್ಕಿಮ್ಮರ್ ಇದ್ದರಷ್ಟೇ ಹವಳ ಬದುಕುತ್ತದೆ ಎಂದು ಬರ್ಲಿನ್ ಪದ್ಧತಿಯವರು ನಂಬಿದ್ದ ಕಾಲದಲ್ಲಿ ಅದು ದೊಡ್ಡ ಸವಾಲೇ ಆಗಿತ್ತು. ಆಮೇಲೆ ಫಿಜಿ ಮಡ್, ಮಿನರಲ್ ಮಡ್ ಮುಂತಾದ ಹೆಸರುಗಳಲ್ಲಿ ಬೇರೆಯವರೂ ಕೆಸರು ತಂದರು.

ಲೆಕ್ಕ ಹಾಕಿದರೆ ತಿಳಿಯುವ ಸತ್ಯ

ಕೆಸರು ನೈಟ್ರೇಟ್ ತೆಗೆಯುತ್ತದೆಯೇ ಎಂದರೆ, ತೆಗೆಯುತ್ತದೆ. ಕಣಗಳು ಬಹಳ ನುಣುಪಾಗಿರುವುದರಿಂದ ನೀರು ಒಳಗೆ ಹರಿಯುವುದಿಲ್ಲ, ನಿಧಾನವಾಗಿ ಇಂಗುತ್ತದೆ ಅಷ್ಟೆ. ಮೇಲಿನ ಕೆಲವೇ ಮಿಲಿಮೀಟರ್‌ನಲ್ಲಿ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಅದರ ಕೆಳಗೆ ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಉಸಿರಾಟಕ್ಕೆ ಬಳಸಿ, ನೈಟ್ರೋಜನ್ನನ್ನು ಅನಿಲವಾಗಿ ಬಿಟ್ಟುಕೊಡುತ್ತವೆ. ಒರಟು ಮರಳಿನಲ್ಲಿ ಈ ಕೆಲಸಕ್ಕೆ 10 ಸೆಂ.ಮೀ ಆಳ ಬೇಕಾಗುತ್ತದೆ, ಕೆಸರಿನಲ್ಲಿ 3 ಸೆಂ.ಮೀ ಸಾಕು. ಜಾಗದ ದೃಷ್ಟಿಯಿಂದ ಇದು ದೊಡ್ಡ ಅನುಕೂಲ.

ಪ್ರಮಾಣ ಎಷ್ಟು ಎಂಬುದೇ ಮುಖ್ಯ ಪ್ರಶ್ನೆ. ಸಮುದ್ರ ತೀರದ ಕೆಸರಿನಲ್ಲಿ ಈ ಕ್ರಿಯೆ ಸಾಮಾನ್ಯವಾಗಿ ಒಂದು ಚದರ ಮೀಟರಿಗೆ ಗಂಟೆಗೆ 50ರಿಂದ 250 ಮೈಕ್ರೋಮೋಲ್ ನೈಟ್ರೋಜನ್ ದರದಲ್ಲಿ ನಡೆಯುತ್ತದೆ. ನಮ್ಮ ಮಾದರಿಯ ಹಾಸು 0.12 ಚದರ ಮೀಟರ್. ವಾರಕ್ಕೆ ಗುಣಿಸಿ ನೈಟ್ರೇಟಿಗೆ ಪರಿವರ್ತಿಸಿದರೆ ಸುಮಾರು 60ರಿಂದ 310 ಮಿಲಿಗ್ರಾಂ. ಅಂದರೆ 300 ಲೀಟರ್ ನೀರಿನಲ್ಲಿ ವಾರಕ್ಕೆ 0.2ರಿಂದ 1 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ನೀರಿನಲ್ಲಿ ನೈಟ್ರೇಟ್ ಬಹಳ ಹೆಚ್ಚಿದ್ದರೆ ದರ ಸ್ವಲ್ಪ ಏರೀತು, ಆದರೆ ಹತ್ತು ಪಟ್ಟಾಗುವುದನ್ನು ನಿರೀಕ್ಷಿಸಬಾರದು.

ಅದೇ ಜಾಗದ ಪಾಚಿಯ ಲೆಕ್ಕ ನೋಡಿ. ವಾರಕ್ಕೆ 250 ಗ್ರಾಂ ಪಾಚಿಯನ್ನು ನೀರು ಕೊಡವಿ ಕಿತ್ತು ತೆಗೆಯುತ್ತೀರಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ಒಣ ತೂಕ ಸುಮಾರು ಹತ್ತನೇ ಒಂದು ಭಾಗ, 25 ಗ್ರಾಂ. ಒಣ ತೂಕದಲ್ಲಿ ನೈಟ್ರೋಜನ್ ಶೇ. 2 ಎಂದು ಹಿಡಿದರೆ ಅರ್ಧ ಗ್ರಾಂ, ನೈಟ್ರೇಟ್ ರೂಪದಲ್ಲಿ 2.2 ಗ್ರಾಂ. ಟ್ಯಾಂಕಿನಿಂದ ವಾರಕ್ಕೆ 7 ಪಿಪಿಎಂಗಿಂತ ಹೆಚ್ಚು ನೈಟ್ರೇಟ್ ಹೊರಗೆ ಹೋದಂತಾಯಿತು. ರಂಜಕ ಶೇ. 0.1 ಎಂದರೂ 0.25 ಪಿಪಿಎಂ ಫಾಸ್ಫೇಟ್ ಹೋಗುತ್ತದೆ. ಪಾಚಿಯ ಜಾತಿ, ಅದಕ್ಕೆ ಸಿಕ್ಕ ಆಹಾರದ ಮೇಲೆ ಈ ಅಂಕಿಗಳು ಅರ್ಧವೂ ಆಗಬಹುದು, ಎರಡರಷ್ಟೂ ಆಗಬಹುದು. ಹೇಗೆ ನೋಡಿದರೂ ಪಾಚಿಯ ಕೆಲಸವೇ ಕೆಸರಿನ ಕೆಲಸಕ್ಕಿಂತ ಹಲವು ಪಟ್ಟು ಹೆಚ್ಚು. ಅದೂ ಪಾಚಿಯನ್ನು ಕಿತ್ತು ಹೊರಗೆ ಹಾಕಿದರೆ ಮಾತ್ರ. ಕೀಳದೆ ಬಿಟ್ಟ ಪಾಚಿ ಒಂದು ಹಂತಕ್ಕೆ ಬೆಳೆದು ನಿಲ್ಲುತ್ತದೆ, ಅಡಿಯ ಭಾಗ ಕೊಳೆತು ಹೀರಿದ್ದನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ.

ಫಾಸ್ಫೇಟಿನ ವಿಷಯದಲ್ಲಿ ಕೆಸರನ್ನು ನಂಬುವುದು ಇನ್ನೂ ಕಷ್ಟ. ರಂಜಕಕ್ಕೆ ಅನಿಲವಾಗಿ ಹಾರಿಹೋಗುವ ದಾರಿಯೇ ಇಲ್ಲ. ಹೊಸ ಕೆಸರಿನಲ್ಲಿರುವ ಕಬ್ಬಿಣದ ಆಕ್ಸೈಡು ಮೊದಮೊದಲು ಫಾಸ್ಫೇಟನ್ನು ಹಿಡಿದಿಡುತ್ತದೆ, ಪರೀಕ್ಷೆಯ ಅಂಕಿ ಇಳಿದಿರುವುದನ್ನು ಕಂಡು ಎಲ್ಲರಿಗೂ ಖುಷಿ. ಮೇಲೆ ಕೊಳೆ ಕೂರುತ್ತಾ ಹೋದಂತೆ ಆಮ್ಲಜನಕ ಇಲ್ಲದ ಪದರ ಮೇಲಕ್ಕೆ ಬರುತ್ತದೆ, ಅಲ್ಲಿ ಕಬ್ಬಿಣ ಕರಗುವ ರೂಪಕ್ಕೆ ತಿರುಗುತ್ತದೆ, ಹಿಡಿದಿಟ್ಟ ಫಾಸ್ಫೇಟ್ ನೀರಿಗೆ ಬಿಡುಗಡೆಯಾಗುತ್ತದೆ. ಆರಂಭದಲ್ಲಿ ಚೆನ್ನಾಗಿದ್ದ ಕೆಸರು ಹಳತಾದಾಗ ಇದ್ದಕ್ಕಿದ್ದಂತೆ ಕೈಕೊಟ್ಟಿತು ಎಂಬ ದೂರಿನ ಹಿಂದೆ ಬಹುಪಾಲು ಇದೇ ಕಾರಣ ಇರುತ್ತದೆ.

ಹಾಗಾದರೆ ಕೆಸರು ಯಾಕೆ ಬೇಕು

ಕೌಲರ್ಪಾಕ್ಕೆ ಬೇರಿನಂಥ ಎಳೆಗಳಿವೆ. ನೆಲದೊಳಗಿನ ಅಮೋನಿಯಂ, ಫಾಸ್ಫೇಟನ್ನು ಅದು ಆ ಎಳೆಗಳಿಂದಲೇ ಹೀರಬಲ್ಲದು. ಆಮ್ಲಜನಕ ಇಲ್ಲದ ಪದರದಲ್ಲಿ ಕರಗಿರುವ ಕಬ್ಬಿಣ, ಮ್ಯಾಂಗನೀಸ್ ಕೂಡ ಅಲ್ಲಿಯೇ ಇರುತ್ತದೆ. ಈ ಲೋಹಗಳು ಮೇಲಿನ ನೀರಿಗೆ ಬರುವ ಮೊದಲೇ ಬಹುಪಾಲು ಆಮ್ಲಜನಕ ತಾಗಿ ಮತ್ತೆ ಗಟ್ಟಿಯಾಗಿ ಕೂತುಬಿಡುತ್ತವೆ. ಹಾಗಾಗಿ ಕೆಸರು ಇಡೀ ಟ್ಯಾಂಕಿಗೆ ಸೂಕ್ಷ್ಮಾಂಶಗಳನ್ನು ಉಣಿಸುತ್ತದೆ ಎಂಬ ಮಾತಿಗಿಂತ, ಅದರಲ್ಲಿ ಬೇರೂರಿದ ಸಸ್ಯಕ್ಕೆ ಉಣಿಸುತ್ತದೆ ಎಂಬುದೇ ಸರಿಯಾದ ಮಾತು. ಕೀಟೋಮಾರ್ಫಾ ಬೇರಿಲ್ಲದ ಪಾಚಿ, ಹಸಿರು ನೂಲಿನ ಉಂಡೆ ಥರ ನೀರಿನಲ್ಲಿ ತೇಲುತ್ತದೆ. ಕೆಸರು ಹಾಸಿ ಅದರ ಮೇಲೆ ಕೀಟೋ ತೇಲಿಬಿಟ್ಟರೆ ಇಬ್ಬರಿಗೂ ಪರಸ್ಪರ ಸಂಬಂಧವೇ ಇಲ್ಲ. ಕೀಟೋ ಸಾಕು ಎನ್ನುವವರಿಗೆ ಖಾಲಿ ತಳವೇ ಸರಿ, ತೊಳೆಯುವುದೂ ಸುಲಭ.

ಎರಡನೆಯ ಕಾರಣ ಜೀವಿಗಳು. ನುಣುಪಾದ ಕೆಸರಿನಲ್ಲಿ ಬಿಲ ಮಾಡಿಕೊಳ್ಳುವ ಸಣ್ಣ ಹುಳುಗಳು, ಸ್ಪಗೆಟ್ಟಿ ಹುಳು, ಮೈಸಿಡ್, ಆಂಫಿಪಾಡ್, ನೆಲಕ್ಕಂಟಿ ಬದುಕುವ ಟಿಸ್ಬೆ ಜಾತಿಯ ಕೋಪೆಪಾಡ್‌ಗಳು ಒರಟು ಮರಳಿಗಿಂತ ಚೆನ್ನಾಗಿ ನೆಲೆಗೊಳ್ಳುತ್ತವೆ. ಗಾಜಿನ ಬದಿಯಿಂದ ಟಾರ್ಚ್ ಹಿಡಿದು ನೋಡಿದರೆ ಕೆಸರಿನೊಳಗೆ ಕೂದಲೆಳೆ ದಪ್ಪದ ಬಿಲಗಳು, ಪ್ರತಿ ಬಿಲದ ಸುತ್ತ ಕಂದು ಬಣ್ಣದ ತೆಳು ಉಂಗುರ ಕಾಣುತ್ತದೆ. ಹುಳು ಉಸಿರಾಡಲು ಎಳೆದ ನೀರಿನ ಆಮ್ಲಜನಕ ತಾಗಿದ ಕೆಸರು ಅದು, ಅದರಾಚೆ ಬೂದು, ಇನ್ನೂ ಆಚೆ ಕಪ್ಪು. ಅಂಥ ಬಿಲಗಳು ಕಾಣುತ್ತಿದ್ದರೆ ಹಾಸು ಆರೋಗ್ಯವಾಗಿದೆ ಎಂದು ಧೈರ್ಯವಾಗಿ ಹೇಳಬಹುದು. ಕೋಪೆಪಾಡ್‌ಗಳ ಮರಿಗಳು ರಿಟರ್ನ್ ಪಂಪಿನ ಮೂಲಕ ಮೇಲಿನ ಟ್ಯಾಂಕಿಗೆ ಹೋಗುತ್ತವೆ. ಅಷ್ಟು ಸಣ್ಣ ಜೀವಿಗಳಲ್ಲಿ ಹೆಚ್ಚಿನವು ಪಂಪಿನಿಂದ ಜೀವಂತವಾಗಿಯೇ ಪಾರಾಗುತ್ತವೆ. ಕೆಸರು, ಪಾಚಿ ಹಾಕಿ ಕೋಪೆಪಾಡ್ ಬಿಟ್ಟ ಮೇಲೆ ಕನಿಷ್ಠ ಎರಡು ತಿಂಗಳು ಕಾಯದೆ ಮ್ಯಾಂಡರಿನ್ ತರಬೇಡಿ, ಒಂದೇ ವಾರದಲ್ಲಿ ಎಲ್ಲವನ್ನೂ ಮುಕ್ಕಿಬಿಡುತ್ತದೆ.

ಕೊಳ್ಳುವ ಮೊದಲು, ಸುರಿಯುವ ಮೊದಲು

ಬೇರೆ ಬೇರೆ ತಯಾರಕರ ಕೆಸರು ಒಂದೇ ಬಗೆಯದಲ್ಲ. ಕೆಲವು ಒಣಪುಡಿಯಾಗಿ ಬರುತ್ತವೆ, ಕೆಲವು ಒದ್ದೆಯಾಗಿ. ಒಂದು ಕೆಂಪು ಮಿಶ್ರಿತ ಕಂದು, ಇನ್ನೊಂದು ಕಡು ಬೂದು. ಖನಿಜಗಳ ಉದ್ದನೆಯ ಪಟ್ಟಿ ಮುದ್ರಿಸಿದ ಮಾತ್ರಕ್ಕೆ ಅವು ನೀರಿಗೆ ಬರುತ್ತವೆ ಎಂದಲ್ಲ, ಬರುವುದೆಲ್ಲ ಹವಳಕ್ಕೆ ಒಳ್ಳೆಯದು ಎಂದೂ ಅಲ್ಲ. ನೆಲದ ಮಣ್ಣಿನ ಅಂಶ ಹೆಚ್ಚಿರುವ ಕೆಸರಿನಿಂದ ಸಿಲಿಕೇಟ್, ಅಲ್ಯೂಮಿನಿಯಂ ಬರಬಹುದು. ಸಿಲಿಕೇಟ್ ಬಂದರೆ ಗಾಜಿನ ಮೇಲೆ ಡಯಾಟಂ ಎಂಬ ಕಂದು ಪಾಚಿ ಕೆಲವು ವಾರ ಕಾಡುತ್ತದೆ. ಅಲ್ಯೂಮಿನಿಯಂ ಏರಿದರೆ ಮೊದಲು ಮುದುಡಿಕೊಳ್ಳುವುದು ಲೆದರ್ ಕೋರಲ್‌ನಂಥ ಮೃದು ಹವಳಗಳು.

ಆದ್ದರಿಂದ ಬಕೆಟ್ ಪರೀಕ್ಷೆ ಮಾಡದೆ ಯಾವ ಕೆಸರನ್ನೂ ಟ್ಯಾಂಕಿಗೆ ಹಾಕಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಆರ್‌ಓ-ಡಿಐ ಯಂತ್ರದಲ್ಲಿ ಶುದ್ಧ ಮಾಡಿದ ನೀರಿನಲ್ಲಿ 35 ಪಿಪಿಟಿ (ಸಾವಿರಕ್ಕೆ 35 ಭಾಗ) ಲವಣಾಂಶಕ್ಕೆ ಕಲಸಿದ 5 ಲೀಟರ್ ಉಪ್ಪುನೀರು, ಅದಕ್ಕೆ ಅರ್ಧ ಲೀಟರ್ ಕೆಸರು, ಗಾಳಿಯ ಗುಳ್ಳೆ ಬಿಡುವ ಒಂದು ಏರ್ ಸ್ಟೋನ್. ಪಕ್ಕದಲ್ಲಿ ಕೆಸರಿಲ್ಲದ ಇನ್ನೊಂದು ಬಕೆಟ್. ಮೂರು ದಿನ ಬಿಟ್ಟು ಏರ್ ಪಂಪ್ ನಿಲ್ಲಿಸಿ, ನೀರು ತಿಳಿಯಾದ ಮೇಲೆ ಸೋಸುವ ಕಾಗದದಲ್ಲಿ ಸೋಸಿ ಫಾಸ್ಫೇಟ್, ನೈಟ್ರೇಟ್, ಅಲ್ಕಲಿನಿಟಿ ಎರಡರಲ್ಲೂ ಅಳೆಯಿರಿ. ಸೋಸದೆ ಅಳೆದರೆ ನೀರಿನ ಮಬ್ಬನ್ನೇ ಕಲರಿಮೀಟರ್ ಫಾಸ್ಫೇಟ್ ಎಂದು ಓದುತ್ತದೆ. ಬಕೆಟಿನಲ್ಲಿ ಕೆಸರು ಮತ್ತು ನೀರಿನ ಅನುಪಾತ 1ಕ್ಕೆ 10, ಟ್ಯಾಂಕಿನಲ್ಲಿ ಸುಮಾರು 1ಕ್ಕೆ 80. ಹಾಗಾಗಿ ಬಕೆಟಿನಲ್ಲಿ ಕಂಡ ಏರಿಕೆಯ ಎಂಟನೇ ಒಂದು ಭಾಗ ಟ್ಯಾಂಕಿನಲ್ಲಿ ಕಂಡೀತು. ಬಕೆಟಿನ ಫಾಸ್ಫೇಟ್ 0.1 ಪಿಪಿಎಂ ಏರಿದರೆ ಹೆದರಬೇಕಿಲ್ಲ, 0.8 ಏರಿದರೆ ಆ ಚೀಲ ಬೇಡ. ನೀರಿನಲ್ಲಿರುವ ಧಾತುಗಳನ್ನು ಅಳೆಯುವ ಐಸಿಪಿ ಎಂಬ ಪ್ರಯೋಗಾಲಯ ಪರೀಕ್ಷೆಗೆ ಮಾದರಿ ಕಳಿಸುವ ಅನುಕೂಲ ಇದ್ದವರು ಹಾಸುವ ಮೊದಲೊಮ್ಮೆ, ನಾಲ್ಕು ವಾರದ ಮೇಲೊಮ್ಮೆ ಕಳಿಸಿ ಅಲ್ಯೂಮಿನಿಯಂ, ಸಿಲಿಕಾನ್, ಕಬ್ಬಿಣ, ಮ್ಯಾಂಗನೀಸ್ ಹೋಲಿಸಿ ನೋಡಬೇಕು.

ತೋಟದ ಮಣ್ಣು, ಕೆರೆಯ ಹೂಳು, ಹೊಳೆಯ ಮುಖಜದ ಕೆಸರು ತಂದು ಹಾಕುವ ಪ್ರಯೋಗ ಬೇಡ. ಗೊಬ್ಬರ, ಕೀಟನಾಶಕ, ತಾಮ್ರ ಯಾವುದು ಎಷ್ಟಿದೆಯೋ ಮನೆಯ ಪರೀಕ್ಷಾ ಕಿಟ್ಟಿನಿಂದ ಪೂರ್ತಿ ಗೊತ್ತಾಗುವುದಿಲ್ಲ. ಸೀಗಡಿ, ಬಸವನಹುಳುಗಳು ಅತ್ಯಲ್ಪ ತಾಮ್ರಕ್ಕೂ ಸಾಯುತ್ತವೆ.

ಹಾಸುವ ಕ್ರಮ

40 × 30 × 3 ಸೆಂ.ಮೀ ಎಂದರೆ 3.6 ಲೀಟರ್. ಒದ್ದೆ ಕೆಸರು ಲೀಟರಿಗೆ ಒಂದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ ಎಂದು ಹಿಡಿದರೆ 5ರಿಂದ 6 ಕಿಲೋ ಸಾಕು. 5 ಸೆಂ.ಮೀ ದಾಟಬೇಡಿ, ಹೆಚ್ಚು ಹಾಕಿದರೆ ಹೆಚ್ಚು ಶುದ್ಧಿ ಎಂಬುದು ಕೆಸರಿನ ಮಟ್ಟಿಗೆ ತಪ್ಪು ಲೆಕ್ಕ. ಆಳದ ಪದರಕ್ಕೆ ನೈಟ್ರೇಟ್ ಇಳಿಯುವುದೇ ಇಲ್ಲ, ಅಲ್ಲಿ ತಯಾರಾಗುವುದು ಹೈಡ್ರೋಜನ್ ಸಲ್ಫೈಡ್ ಮಾತ್ರ. ಕಡಲ ಹುಲ್ಲು ಬೆಳೆಸುವವರಿಗೆ ಮಾತ್ರ ಬೇರೆ ನಿಯಮ, ಅವುಗಳ ಬೇರಿಗೆ 10 ಸೆಂ.ಮೀಗಿಂತ ಹೆಚ್ಚು ಆಳ ಬೇಕು, ಅದನ್ನು ಮರಳು ಬೆರೆಸಿ ಮಾಡುತ್ತಾರೆ.

ಸಂಪ್‌ನ ವಿಭಾಗಗಳ ಸರದಿ ಹೀಗಿರಲಿ: ಟ್ಯಾಂಕಿನಿಂದ ಇಳಿಯುವ ನೀರು ಮೊದಲು ಕೊಳೆ ಸೋಸುವ ಬಟ್ಟೆಯ ಚೀಲವಾದ ಫಿಲ್ಟರ್ ಸಾಕ್‌ಗೆ, ಆಮೇಲೆ ಸ್ಕಿಮ್ಮರ್ ವಿಭಾಗಕ್ಕೆ, ಅಲ್ಲಿಂದ ರೆಫ್ಯೂಜಿಯಂಗೆ, ಕೊನೆಗೆ ಗುಳ್ಳೆ ತಡೆಯುವ ಬ್ಯಾಫಲ್ ದಾಟಿ ರಿಟರ್ನ್ ಪಂಪಿಗೆ. ಕೆಸರಿನ ರೆಫ್ಯೂಜಿಯಂಗೆ ಫಿಲ್ಟರ್ ಸಾಕ್ ಕಡ್ಡಾಯ ಎಂದೇ ಹೇಳುತ್ತೇವೆ. ಮರಳಿನ ಮೇಲೆ ಕೂತ ಕೊಳೆಯನ್ನು ಸೈಫನ್ ಹಾಕಿ ಎಳೆಯಬಹುದು. ಕೆಸರಿನ ಮೇಲೆ ಸೈಫನ್ ಇಟ್ಟರೆ ಕೊಳೆಯ ಜೊತೆ ಕೆಸರೂ ಪೈಪಿನೊಳಗೆ ಹೋಗುತ್ತದೆ. ಕೊಳೆ ಬರದಂತೆ ತಡೆಯುವುದೊಂದೇ ದಾರಿ. ಸಾಕ್ ಅನ್ನು ಮೂರು ನಾಲ್ಕು ದಿನಕ್ಕೊಮ್ಮೆ ಬದಲಾಯಿಸಿ.

ಕೆಸರನ್ನು ತೊಳೆಯಬಾರದು, ತೊಳೆದರೆ ನುಣುಪಾದ ಭಾಗವೆಲ್ಲ ಹರಿದುಹೋಗುತ್ತದೆ. ರಿಟರ್ನ್ ಪಂಪ್ ನಿಲ್ಲಿಸಿ, ರೆಫ್ಯೂಜಿಯಂನ ನೀರನ್ನು ಪೂರ್ತಿ ತೆಗೆದು, ಒಣಪುಡಿಯಾದರೆ ಉಪ್ಪುನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಕಲಸುವಾಗ ಗಾಳಿಯ ಗಂಟುಗಳು ಉಳಿಯದಂತೆ ಕೈಯಾಡಿಸಬೇಕು, ಉಳಿದರೆ ನೀರು ತುಂಬಿದ ಮೇಲೆ ಗುಳ್ಳೆ ಎದ್ದು ಹಾಸು ಒಡೆಯುತ್ತದೆ. ಸಮವಾಗಿ ಹರಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಹಾಳೆಯ ನಡುವೆ ಒಂದು ತಟ್ಟೆ ಇಟ್ಟು ತಟ್ಟೆಯ ಮೇಲೆ ನಿಧಾನವಾಗಿ ನೀರು ಬಿಡಿ. ತುಂಬಿದ ಮೇಲೆ ಹಾಳೆಯನ್ನು ಒಂದು ಮೂಲೆಯಿಂದ ಎಳೆದು ತೆಗೆಯಿರಿ. ರಾತ್ರಿಯಿಡೀ ಹಾಗೆಯೇ ಬಿಡಬೇಕು. ಆ ಹೊತ್ತಿನಲ್ಲಿ ಮುಖ್ಯ ಟ್ಯಾಂಕಿನಲ್ಲಿ ವೇವ್ ಮೇಕರ್, ಹೀಟರ್ ಓಡುತ್ತಿರಲಿ. ಮರುದಿನ ಕಡಿಮೆ ಹರಿವಿನಲ್ಲಿ ಶುರು ಮಾಡಿ. ಒಂದೆರಡು ದಿನ ನೀರು ಮಬ್ಬಾಗಿರುವುದು ಸಹಜ, ಹವಳಕ್ಕೆ ತೊಂದರೆಯಿಲ್ಲ. ಸ್ಕಿಮ್ಮರ್ ಮಾತ್ರ ಹುಚ್ಚೆದ್ದು ಉಕ್ಕುತ್ತದೆ, ನೀರು ತಿಳಿಯಾಗುವವರೆಗೆ ಅದನ್ನು ನಿಲ್ಲಿಸಿ.

ರೆಫ್ಯೂಜಿಯಂನಲ್ಲಿ 36 ಲೀಟರ್ ನೀರಿದ್ದರೆ ಗಂಟೆಗೆ 200ರಿಂದ 350 ಲೀಟರ್ ಹರಿವು ಸಾಕು. ರಿಟರ್ನ್ ಪಂಪ್ ಗಂಟೆಗೆ 2000 ಲೀಟರ್ ತಳ್ಳುತ್ತಿದ್ದರೆ ಅಷ್ಟನ್ನೂ ಕೆಸರಿನ ಮೇಲೆ ಹರಿಸಬೇಡಿ. ಇಳಿಯುವ ಪೈಪಿಗೆ ಟೀ ಜೋಡಿಸಿ, ವಾಲ್ವ್ ಇಟ್ಟು, ಸಾಕ್‌ನಲ್ಲಿ ಸೋಸಿದ ನೀರಿನ ಒಂದು ಪಾಲನ್ನಷ್ಟೇ ಈ ಕಡೆ ಬಿಡಿ. ನೀರು ಮೇಲ್ಮೈಯಲ್ಲಿ ಬರಲಿ, ಮೇಲ್ಮೈಯಲ್ಲೇ ಹೋಗಲಿ. ಹೊರಹೋಗುವ ಬದಿಯಲ್ಲಿ ಪಾಚಿ ಕೊಚ್ಚಿಹೋಗದಂತೆ ಜಾಲರಿ ಇರಬೇಕು.

ಬೆಳಕು ಮತ್ತು ಪಾಚಿ

ಈ ಅಳತೆಗೆ 20ರಿಂದ 30 ವಾಟಿನ ಎಲ್‌ಇಡಿ, 6500 ಕೆಲ್ವಿನ್ ಬಿಳಿ ಅಥವಾ ಕೆಂಪು-ನೀಲಿ ಗಿಡಗಳ ಲೈಟ್ ಸಾಕಾಗುತ್ತದೆ. ಹವಳದ ಕಡುನೀಲಿ ಲೈಟ್ ಇಲ್ಲಿ ವ್ಯರ್ಥ. ಮುಖ್ಯ ಟ್ಯಾಂಕಿನ ಬೆಳಕು ಆರಿದಾಗ ಇದು ಹೊತ್ತಿಕೊಳ್ಳುವಂತೆ ಟೈಮರ್ ಹೊಂದಿಸಿ, 12ರಿಂದ 16 ಗಂಟೆ. ರಾತ್ರಿ ಟ್ಯಾಂಕಿನ ಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡನ್ನು ಪಾಚಿ ಹೀರಿಕೊಳ್ಳುವುದರಿಂದ ಬೆಳಗಿನ ಜಾವದ ಪಿಎಚ್ ಕುಸಿತ ಕಡಿಮೆಯಾಗುತ್ತದೆ. ಈ ಲಾಭ ಕೆಸರು ಇಲ್ಲದ ರೆಫ್ಯೂಜಿಯಂನಲ್ಲೂ ಅಷ್ಟೇ ಸಿಗುತ್ತದೆ.

ಕೌಲರ್ಪಾ ಎಷ್ಟೇ ಉದ್ದ ಹಬ್ಬಿದರೂ ಒಂದೇ ಜೀವಕೋಶ, ಒಳಗೆ ಅಡ್ಡಗೋಡೆಗಳಿಲ್ಲ. ಅದನ್ನು ಕತ್ತರಿಯಿಂದ ಕತ್ತರಿಸಿದರೆ ಒಳಗಿನ ರಸ ನೀರಿಗೆ ಸೋರುತ್ತದೆ. ಹಬ್ಬಿದ ಬಳ್ಳಿಯನ್ನು ತುದಿಯಿಂದ ಹಿಡಿದು ಬೇರೆಳೆಗಳ ಸಮೇತ ನಿಧಾನವಾಗಿ ಎಳೆದು ತೆಗೆಯುವುದೇ ಸರಿ. ವಾರಕ್ಕೆ ನಾಲ್ಕನೇ ಒಂದು ಭಾಗ, ಅದೂ ಒಂದೇ ಬದಿಯಿಂದ ತೆಗೆದರೆ ಕೆಸರು ಹೆಚ್ಚು ಕದಡುವುದಿಲ್ಲ. ಕೌಲರ್ಪಾ ಪ್ರೊಲಿಫೆರಾ ನಿಧಾನವಾಗಿ, ಶಿಸ್ತಾಗಿ ಬೆಳೆಯುತ್ತದೆ. ರೇಸೆಮೋಸಾ ಹಾಗಲ್ಲ, ಸಂಪ್ ದಾಟಿ ಮುಖ್ಯ ಟ್ಯಾಂಕಿನ ಕಲ್ಲಿನ ಸಂದಿಗೆ ಸೇರಿಕೊಂಡರೆ ಕಿತ್ತು ಮುಗಿಯುವುದಿಲ್ಲ.

ಈ ಪಾಚಿಯ ದೊಡ್ಡ ಅಪಾಯ ಸಂತಾನೋತ್ಪತ್ತಿಗೆ ತಿರುಗುವುದು. ಅದು ತನ್ನ ಒಳಗಿನ ಜೀವದ್ರವ್ಯವನ್ನೆಲ್ಲ ಲಿಂಗಾಣುಗಳನ್ನಾಗಿ ಮಾಡಿ ಒಮ್ಮೆಲೇ ಹೊರಚೆಲ್ಲಿ ಸಾಯುತ್ತದೆ. ಹಿಂದಿನ ದಿನವೇ ಎಲೆಗಳ ಮೇಲೆ ಬಲೆಯಂಥ ಗೆರೆಗಳು ಮೂಡುತ್ತವೆ. ಮರುದಿನ ಬೆಳಗ್ಗೆ ನೀರು ಹಸಿರು ಮಬ್ಬು, ಎಲೆಗಳು ಪಾರದರ್ಶಕ ಬಿಳಿ. ಹೀರಿದ ಪೋಷಕಾಂಶಗಳೆಲ್ಲ ವಾಪಸ್, ಆಮ್ಲಜನಕ ಕುಸಿತ. ಬಲೆಯ ಗೆರೆ ಕಂಡ ಕೂಡಲೇ ಆ ಬಳ್ಳಿಯನ್ನು ಪೂರ್ತಿ ತೆಗೆಯಬೇಕು. ಚೆಲ್ಲಿಬಿಟ್ಟಿದ್ದರೆ ಸತ್ತದ್ದನ್ನೆಲ್ಲ ಎತ್ತಿ, ಸ್ಕಿಮ್ಮರ್ ಮತ್ತು ಏರ್ ಸ್ಟೋನ್ ಜೋರಾಗಿ ಓಡಿಸಿ, ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಶೇ. 20ರಷ್ಟು ನೀರು ಬದಲಿಸಿ. ಮಿರಾಕಲ್ ಮಡ್ ಪದ್ಧತಿಯಲ್ಲಿ 24 ಗಂಟೆಯೂ ಬೆಳಕು ಇಡುವುದು ಇದನ್ನು ತಡೆಯುವುದಕ್ಕೇ. ಅದು ಬಹುಮಟ್ಟಿಗೆ ಫಲಿಸುತ್ತದೆ, ಆದರೆ ಪೂರ್ತಿ ಖಾತರಿಯಲ್ಲ. ಪೋಷಕಾಂಶ ಮುಗಿದಾಗ, ಲವಣಾಂಶ ಏಕಾಏಕಿ ಬದಲಾದಾಗ ನಿರಂತರ ಬೆಳಕಿನಲ್ಲೂ ಹೀಗಾಗಬಹುದು. ನಿಯಮಿತವಾಗಿ ಕೀಳುವುದೇ ಹೆಚ್ಚು ನಂಬಿಕೆಯ ಉಪಾಯ.

ಮ್ಯಾಂಗ್ರೋವ್ ಸಸಿಗಳನ್ನು ಕೆಸರಿನಲ್ಲಿ ಊರುವವರೂ ಇದ್ದಾರೆ. ನೋಡಲು ಸೊಗಸು. ಬೆಳವಣಿಗೆ ಬಹಳ ನಿಧಾನವಾದ್ದರಿಂದ ಶುದ್ಧೀಕರಣದ ಲೆಕ್ಕಕ್ಕೆ ಬರುವುದಿಲ್ಲ.

ಕೆಡುವುದು ಎಲ್ಲಿ

ಕಪ್ಪು ಪದರ ಕಂಡು ಗಾಬರಿಯಾಗಿ ಕೆದಕುವುದೇ ಅತಿ ಸಾಮಾನ್ಯವಾದ ಅನಾಹುತ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2700 ಮಿಲಿಗ್ರಾಂ ಸಲ್ಫೇಟ್ ಇರುತ್ತದೆ. ನೈಟ್ರೇಟ್ ಮುಗಿದ ಆಳದಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಬಳಸಿ ಸಲ್ಫೈಡ್ ಮಾಡುತ್ತವೆ. ಕೆಸರಿನ ಕಬ್ಬಿಣ ಆ ಸಲ್ಫೈಡನ್ನು ಕಟ್ಟಿಹಾಕಿದಾಗ ಬರುವ ಬಣ್ಣವೇ ಕಪ್ಪು. ಅಂದರೆ ಕಬ್ಬಿಣ ತನ್ನ ಕೆಲಸ ಮಾಡುತ್ತಿದೆ, ಮುಟ್ಟದಿದ್ದರೆ ಅಪಾಯವಿಲ್ಲ. ಕೈ ಹಾಕಿ ಕದಡಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ರೆಫ್ಯೂಜಿಯಂಗೆ ಹೋಗುವ ಹರಿವನ್ನು ತಕ್ಷಣ ನಿಲ್ಲಿಸಿ, ಆ ವಿಭಾಗದ ನೀರನ್ನು ಎತ್ತಿ ಚೆಲ್ಲಿ, ಹೊಸ ಉಪ್ಪುನೀರು ತುಂಬಿ, ಆಮೇಲೆ ಶುರು ಮಾಡಿ. ನಸ್ಸಾರಿಯಸ್ ಬಸವನಹುಳು, ಮರಳು ಅಗೆಯುವ ಗೋಬಿ, ಹರ್ಮಿಟ್ ಏಡಿಗಳನ್ನು ಈ ವಿಭಾಗಕ್ಕೆ ಬಿಡಬಾರದು ಎನ್ನುವುದಕ್ಕೂ ಇದೇ ಕಾರಣ.

ಕೆಸರಿನ ಮೇಲೆ ಕೆಂಪು ಲೋಳೆ ಹಾಳೆ ಹಾಸಿದಂತೆ ಕಂಡರೆ ಅದು ಸಯನೋಬ್ಯಾಕ್ಟೀರಿಯಾ. ಕೊಳೆ ಕೂತಿದೆ, ಅಲ್ಲಿ ಹರಿವು ಸತ್ತಿದೆ ಎಂಬುದರ ಗುರುತು. ಹಾಳೆಯನ್ನು ಸಣ್ಣ ಕೊಳವೆಯಿಂದ ಸುರುಳಿ ಸುತ್ತಿದಂತೆ ಎಳೆದು, ಒಳಬರುವ ನೀರಿನ ದಿಕ್ಕು ಬದಲಿಸಿ, ಸಾಕ್ ಬದಲಿಸುವ ಅವಧಿ ಕಡಿಮೆ ಮಾಡಿ.

ಇದರ ವಿರುದ್ಧ ದಿಕ್ಕಿನ ತೊಂದರೆ ಪಾಚಿ ಅತಿಯಾಗಿ ಕೆಲಸ ಮಾಡುವುದು. ಎಸ್‌ಪಿಎಸ್ (ಸಣ್ಣ ಪಾಲಿಪ್‌ಗಳ ಗಟ್ಟಿ) ಹವಳಗಳಿಗೂ ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಒಳ್ಳೆಯದು. ಎರಡೂ ಸೊನ್ನೆಗೆ ಇಳಿದರೆ ಹವಳದ ಬಣ್ಣ ಪೇಲವವಾಗುತ್ತದೆ, ಗುಳ್ಳೆಗಟ್ಟಿದ ಕಂದು ಲೋಳೆಯ ಡೈನೋಫ್ಲಾಜೆಲೇಟ್ ಆವರಿಸಿಕೊಳ್ಳುತ್ತದೆ. ಆಗ ಕೆಸರು ತೆಗೆಯಬೇಕಿಲ್ಲ. ಲೈಟಿನ ಅವಧಿಯನ್ನು ದಿನಕ್ಕೆ 6 ಗಂಟೆಗೆ ಇಳಿಸಿ, ಮೀನಿಗೆ ಸ್ವಲ್ಪ ಹೆಚ್ಚು ಆಹಾರ ಹಾಕಿ, ವಾರಕ್ಕೆ ಎರಡು ಸಲ ಪರೀಕ್ಷೆ ಮಾಡಿ. ನೈಟ್ರೇಟ್, ಫಾಸ್ಫೇಟ್ ಎರಡೂ ಇದ್ದು ಪಾಚಿ ಮಾತ್ರ ಬಿಳಿಚಿಕೊಂಡರೆ ಕಬ್ಬಿಣದ ಕೊರತೆ ಇರಬಹುದು. ಬೇರೂರಿದ ಕೌಲರ್ಪಾದಲ್ಲಿ ಇದು ಅಪರೂಪ, ಕೀಟೋದಲ್ಲಿ ಸಾಮಾನ್ಯ. ಕೆಸರಿನ ಪರವಾಗಿ ಹೇಳಬಹುದಾದ ಗಟ್ಟಿ ಮಾತುಗಳಲ್ಲಿ ಇದೂ ಒಂದು.

ಕರೆಂಟ್ ಹೋಗಿ ಬಂದಾಗಿನ ನೀರಿನ ಏರಿಳಿತವನ್ನು ಹಲವರು ಗಮನಿಸುವುದಿಲ್ಲ. ಪಂಪ್ ನಿಂತಾಗ ಟ್ಯಾಂಕಿನ ನೀರು ಸಂಪ್‌ಗೆ ಇಳಿದು ಮಟ್ಟ ಏರುತ್ತದೆ, ಮತ್ತೆ ಶುರುವಾದಾಗ ರಭಸವಾಗಿ ಇಳಿಯುತ್ತದೆ. ರೆಫ್ಯೂಜಿಯಂನ ತಡೆಗೋಡೆ ಗಿಡ್ಡವಾಗಿದ್ದರೆ ಆ ರಭಸಕ್ಕೆ ಕೆಸರು ಎದ್ದು ಪಂಪಿಗೆ ಹೋಗುತ್ತದೆ, ನುಣುಪಾದ ಕಣಗಳು ಇಂಪೆಲ್ಲರನ್ನು ಸವೆಸುತ್ತವೆ. ಗೋಡೆ ಕೆಸರಿನ ಮಟ್ಟಕ್ಕಿಂತ ಕನಿಷ್ಠ 15 ಸೆಂ.ಮೀ ಎತ್ತರ ಇರಲಿ. ಹಲವು ಗಂಟೆ ಕರೆಂಟ್ ಇಲ್ಲದಿದ್ದರೆ ಕತ್ತಲಲ್ಲಿ ಪಾಚಿಯೂ ಕೆಸರೂ ಆ ವಿಭಾಗದ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಬ್ಯಾಟರಿಯ ಏರ್ ಪಂಪ್ ಒಂದನ್ನು ಮುಖ್ಯ ಟ್ಯಾಂಕಿಗೆ, ಇನ್ನೊಂದನ್ನು ಇಲ್ಲಿಗೆ ಇಟ್ಟುಕೊಳ್ಳುವುದು ಜಾಣತನ. ಇಲ್ಲಿ ಏರ್ ಸ್ಟೋನ್ ನೀರಿನ ಮೇಲ್ಭಾಗದಲ್ಲೇ ಇರಬೇಕು, ತಳಕ್ಕೆ ಇಳಿಬಿಟ್ಟರೆ ಕೆಸರು ಎದ್ದುಬಿಡುತ್ತದೆ.

ಪಾಚಿಯಿಂದ ನೀರಿಗೆ ಹಳದಿ ಛಾಯೆ ಬರುವುದುಂಟು. ತಿಂಗಳಿಗೊಮ್ಮೆ ಕೆಲವು ದಿನ ಕಾರ್ಬನ್ ಬಳಸಿದರೆ ಹೋಗುತ್ತದೆ.

ಬದಲಾಯಿಸುವುದು, ಬೇರೆ ವಿಧಾನಗಳ ಜೊತೆ ಹೋಲಿಕೆ

ಸೂಕ್ಷ್ಮಾಂಶ ಮುಗಿಯುತ್ತದೆ, ಹಾಗಾಗಿ ಕಾಲಕಾಲಕ್ಕೆ ಒಂದು ಭಾಗ ಬದಲಿಸಿ ಎಂಬುದು ಮಾರುವವರ ಸಲಹೆ. ಬದಲಿಸುವುದು ಒಳ್ಳೆಯದೇ, ಆದರೆ ಸೂಕ್ಷ್ಮಾಂಶಕ್ಕಿಂತ ದೊಡ್ಡ ಕಾರಣ ಒಳಗೆ ಸೇರಿರುವ ಕೊಳೆ ಮತ್ತು ಫಾಸ್ಫೇಟ್. ಎರಡು ವರ್ಷ ಕಳೆದ ಮೇಲೆ ಮೂರನೇ ಒಂದು ಭಾಗ ಬದಲಿಸಿದರೆ ಸಾಕು. ಹರಿವು ನಿಲ್ಲಿಸಿ, ಅಕ್ರಿಲಿಕ್ ಪಟ್ಟಿಯೊಂದನ್ನು ತಳದವರೆಗೆ ಇಳಿಸಿ ಆ ಭಾಗವನ್ನು ಬೇರೆ ಮಾಡಿ, ದಪ್ಪ ಕೊಳವೆಯಿಂದ ಕೆಸರನ್ನು ನೇರ ಬಕೆಟಿಗೆ ಎಳೆಯಿರಿ, ಆ ನೀರನ್ನು ವಾಪಸ್ ಹಾಕಬೇಡಿ. ಹೊಸದನ್ನು ತುಂಬಿ ರಾತ್ರಿ ಕಳೆದ ಮೇಲೆ ಪಟ್ಟಿ ತೆಗೆಯಿರಿ. ಉಳಿದ ಭಾಗದ ಹುಳುಗಳು, ಆಂಫಿಪಾಡ್‌ಗಳು ಹೊಸ ಭಾಗಕ್ಕೆ ತಾವಾಗಿ ಹಬ್ಬುತ್ತವೆ. ಇಡೀ ಹಾಸನ್ನು ಒಂದೇ ಸಲ ಬದಲಿಸಿದರೆ ಅಷ್ಟು ದಿನ ಬೆಳೆಸಿದ ಜೀವಿಗಳೆಲ್ಲ ಚರಂಡಿ ಪಾಲು.

ನುಣುಪು ಅರಗೊನೈಟ್ ಮರಳು ಜೀವಿಗಳ ವಿಷಯದಲ್ಲಿ ಕೆಸರಿನ ಹತ್ತಿರಕ್ಕೆ ಬರುತ್ತದೆ, ಕದಡಿದರೆ ಬೇಗ ತಿಳಿಯಾಗುತ್ತದೆ, ಕಬ್ಬಿಣ ಮಾತ್ರ ಇರುವುದಿಲ್ಲ. ಹೊಸಬರಿಗೆ ನಾವು ಮೊದಲು ಹೇಳುವುದು ಇದನ್ನೇ. ಜಾಗ ಬಹಳ ಕಡಿಮೆ, ನೈಟ್ರೇಟ್ 40 ದಾಟಿದೆ ಎನ್ನುವವರಿಗೆ ಕೀಟೋ ರಿಯಾಕ್ಟರ್ (ಮುಚ್ಚಿದ ಕೊಳವೆಯಲ್ಲಿ ಕೀಟೋ ಬೆಳೆಸುವ ಸಾಧನ) ಅಥವಾ ಆಲ್ಗೆ ಸ್ಕ್ರಬ್ಬರ್ (ಬೆಳಕಿನಡಿ ಜಾಲರಿಯ ಮೇಲೆ ಪಾಚಿ ಬೆಳೆಸುವ ಸಾಧನ) ಉತ್ತಮ, ಅವು ಕಡಿಮೆ ಜಾಗದಲ್ಲಿ ಹೆಚ್ಚು ಪೋಷಕಾಂಶ ಹೊರಗೆ ಹಾಕುತ್ತವೆ, ಆದರೆ ಜೀವಿಗಳಿಗೆ ಅಂಥ ನೆಲೆ ಕೊಡುವುದಿಲ್ಲ. ಲೈವ್ ರಾಕ್ ಹೇರಳವಾಗಿದ್ದು, ಮೀನು ಕಡಿಮೆ ಇದ್ದು, ಮೃದು ಹವಳ ಮತ್ತು ಎಲ್‌ಪಿಎಸ್ (ದೊಡ್ಡ ಪಾಲಿಪ್‌ಗಳ ಗಟ್ಟಿ) ಹವಳಗಳಿರುವ ಟ್ಯಾಂಕಿನಲ್ಲಿ ಕೆಸರು ಮತ್ತು ಕೌಲರ್ಪಾ ಜೋಡಿ ಸ್ಕಿಮ್ಮರ್ ಇಲ್ಲದೆಯೂ ನಡೆಯುತ್ತದೆ. ಮೀನು ಹೆಚ್ಚಿದ್ದರೆ, ಎಸ್‌ಪಿಎಸ್ ತುಂಬಿದ್ದರೆ ಸ್ಕಿಮ್ಮರನ್ನು ತೆಗೆಯುವ ಸಾಹಸ ಬೇಡ. ಪೋಷಕಾಂಶಕ್ಕಾಗಿ ಮಾತ್ರವಲ್ಲ, ರಾತ್ರಿ ನೀರಿಗೆ ಗಾಳಿ ಬೆರೆಸುವುದಕ್ಕೂ ಅದು ಬೇಕು.

ಕಿತ್ತ ಕೌಲರ್ಪಾವನ್ನು ಎಲ್ಲಿ ಎಸೆಯುತ್ತೀರಿ ಎಂಬುದೂ ಈ ಪದ್ಧತಿಯ ಭಾಗವೇ. ಕೌಲರ್ಪಾ ಟ್ಯಾಕ್ಸಿಫೋಲಿಯಾ 1984ರಲ್ಲಿ ಮೊನಾಕೋ ತೀರದಲ್ಲಿ ಕಾಣಿಸಿಕೊಂಡು ಮೆಡಿಟರೇನಿಯನ್ ತಳದ ದೊಡ್ಡ ಭಾಗಗಳನ್ನು ಆವರಿಸಿತು. 2000ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ಅಗ್ವಾ ಹೆಡಿಯೋಂಡಾ ಹಿನ್ನೀರಿನಲ್ಲಿ ಸಿಕ್ಕಾಗ, ಅದರ ಮೇಲೆ ಟಾರ್ಪಾಲಿನ್ ಹೊದಿಸಿ ಕ್ಲೋರಿನ್ ಹಾಕಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಆ ರಾಜ್ಯದಲ್ಲಿ ಕೌಲರ್ಪಾ ಇಟ್ಟುಕೊಳ್ಳುವುದೇ ಕಾನೂನುಬಾಹಿರ, ಬೇರೆ ಕೆಲವು ಕಡೆಯೂ ನಿರ್ಬಂಧವಿದೆ. ತರುವ ಮೊದಲು ನಿಮ್ಮಲ್ಲಿಯ ಕಾನೂನು ನೋಡಿಕೊಳ್ಳಿ. ಸಣ್ಣ ತುಂಡೊಂದು ಸಾಕು, ಹೊಸ ಬಳ್ಳಿಯಾಗುತ್ತದೆ. ಕಿತ್ತದ್ದನ್ನು ಚೀಲದಲ್ಲಿ ಕಟ್ಟಿ 24 ಗಂಟೆ ಫ್ರೀಜರಿನಲ್ಲಿಟ್ಟು, ಆಮೇಲೆ ಕಸಕ್ಕೆ ಹಾಕಿ. ಚರಂಡಿಗೆ, ಹಳ್ಳಕ್ಕೆ, ಕಡಲಿಗೆ ಬಿಡಲೇಬೇಡಿ. ಅದನ್ನು ತೊಳೆದ ನೀರೂ ಬ್ಲೀಚ್ ಬೆರೆಸಿದ ಮೇಲಷ್ಟೇ ಹೊರಗೆ ಹೋಗಬೇಕು.